ಕೂಸಿನ ಕುಲಾವಿ

ತಾಯಿಯು ಕೈಯಾರೆ ಹೆಣೆದ ಕುಲಾವಿಯು ಕೂಸಿಗೆ ಚೆಲುವನ್ನೂ ಬಿಸುಪನ್ನೂ ಕೊಡುವುದು. ಆದರೆ ಅಳತೆಯನ್ನರಿಯದೆ ಕ್ರೋಷಾ ಕಡ್ಡಿಯನ್ನು ಹಿಡಿಯಲಾಗದು. ಹುಟ್ಟಿದ ಕೂಸಿನ ತಲೆಯ ಸುತ್ತಳತೆಯು ಸುಮಾರು ೩೫ ಸೆಂಟಿಮೀಟರು. ವರುಷ ತುಂಬುವಷ್ಟರಲ್ಲಿ ಅದು ೪೬ಕ್ಕೆ ಸಮೀಪಿಸುವುದು. ಆದುದರಿಂದ ಅಂಚನ್ನು ಬಿಗಿಯದೆ, ಮೆತ್ತನೆಯ ಹತ್ತಿನೂಲಿನಿಂದ, ಹಿಗ್ಗುವಂತೆ ಹೆಣೆಯುವುದು ಲೇಸು. ಗುಂಡಿ, ಮಣಿಗಳನ್ನು ಹೊಲಿಯಬಾರದು. ಕಿತ್ತುಬಂದರೆ ಅವು ಕೂಸಿನ ಗಂಟಲಲ್ಲಿ ಸಿಕ್ಕಿಕೊಂಡಾವು.

ಕಾಲುಚೀಲವನ್ನು ಹೆಣೆದರೆ ಅದರ ಒಳಮಗ್ಗುಲನ್ನು ಹೊರಳಿಸಿ ನೋಡಿ, ಕೊನೆಯ ಎಳೆಗಳನ್ನು ಹೆಣಿಗೆಯೊಳಗೆ ಸೇರಿಸಿ ಭದ್ರಗೊಳಿಸಿ, ಮಿಕ್ಕುದನ್ನು ಕತ್ತರಿಸತಕ್ಕದ್ದು. ಸಡಿಲವಾದ ಒಂದೇ ಎಳೆಯು ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತದ ಚಲನೆಯನ್ನು ತಡೆದೀತು. ಕಾರಣ ತಿಳಿಯದೆ ಕೂಸು ಅಳುತ್ತಿದ್ದರೆ ಸೋದರಿಯರು ಅದರ ಬೆರಳುಗಳನ್ನೂ ನೋಡತಕ್ಕದ್ದು. ವೈದ್ಯರು ಬೇರೆ ಹೇಳದಿದ್ದಲ್ಲಿ, ಮನೆಯೊಳಗೆ ಮಲಗಿಸುವಾಗ ಕುಲಾವಿಯನ್ನು ತೆಗೆದಿಡುವುದೇ ಯುಕ್ತವು. ಮೈಯ ಹೆಚ್ಚಿನ ಕಾವು ತೆರೆದ ತಲೆಯಿಂದ ಹೊರಹೋಗಬೇಕಷ್ಟೆ.