ಕಡಿಮೆ ಬೆಲೆಯ ರೈಫಲ್, ಕಡಿಮೆಯಾಗದ ಹೊಣೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪ್ರತಿ ನವೆಂಬರ್‌ನಲ್ಲಿ 9 ದಿನ ಬಂದೂಕಿನಿಂದ ಜಿಂಕೆ ಬೇಟೆಗೆ ಅನುಮತಿಯುಂಟು. ರೈತರು, ಕಾರ್ಖಾನೆ ಕಾರ್ಮಿಕರು, ಮೇಷ್ಟರುಗಳು ಲೈಸೆನ್ಸ್ ಪಡೆದು, ದೂರದಿಂದಲೇ ಕಾಣುವ ಬಣ್ಣದ ಅಂಗಿ ತೊಟ್ಟು ಕಾಡು ಸೇರುತ್ತಾರೆ. ಇವರಲ್ಲಿ ಅನೇಕರಿಗೆ ಅದು ಚಳಿಗಾಲದ ಮಾಂಸದ ದಾರಿಯೂ ಹೌದು. ಎರಡು ಸಾವಿರ ಡಾಲರಿನ ರೈಫಲ್ ಎಲ್ಲರ ಕೈಗೆಟುಕದು. ಹಾಗಾದರೆ 500 ಡಾಲರ್ ಆಸುಪಾಸಿನದನ್ನು ನಂಬಬಹುದೇ? ಧಾರಾಳವಾಗಿ ನಂಬಬಹುದು. ಆದರೆ ಎಲ್ಲಿ ಹಣ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದು ತಿಳಿದಿರಬೇಕು.

ಇಂಥ ರೈಫಲ್‌ಗಳಲ್ಲಿ ಸಾಮಾನ್ಯವಾದ ಬೋಲ್ಟ್ ಆಕ್ಷನ್ನಿನ ಬಲ ಅದರ ಸರಳತೆಯಲ್ಲಿದೆ. ಹಿಡಿಕೆ ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಕೆಳಗೆ ಮಡಚಿದರೆ ಹೊಸ ತೋಟಾ ನಳಿಕೆಯ ಬುಡದಲ್ಲಿ ಭದ್ರವಾಗಿ ಕೂರುತ್ತದೆ. ಜರ್ಮನಿಯ ಪೌಲ್ ಮೌಸರ್ ಈ ವ್ಯವಸ್ಥೆಯನ್ನು 1898ರ ಮಾದರಿಯಲ್ಲಿ ಎಷ್ಟು ಪಕ್ವಗೊಳಿಸಿದನೆಂದರೆ, ಮುಂದಿನ ಬಹುಪಾಲು ಬೇಟೆ ರೈಫಲ್‌ಗಳು ಅದರ ಋಣದಲ್ಲೇ ಇವೆ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಬೇಟೆಗಾರ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲ್ ಕೂಡ ಮೌಸರ್ ಆಕ್ಷನ್ನಿನದೇ.

ಬೆಲೆ ಇಳಿದದ್ದು ತಯಾರಿಕೆಯ ಜಾಣ್ಮೆಯಿಂದ. ತೋಟಾ ಕೂರುವ ಜಾಗದ ಅಳತೆ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಹಿಂದೆ ನುರಿತ ಕೆಲಸಗಾರ ಪ್ರತಿ ನಳಿಕೆಯನ್ನೂ ಕೈಯಾರೆ ಹೊಂದಿಸಬೇಕಿತ್ತು. 1958ರಲ್ಲಿ ಬಂದ ಸ್ಯಾವೇಜ್ 110 ರೈಫಲ್‌ನಲ್ಲಿ ವಿನ್ಯಾಸಕ ನಿಕೋಲಸ್ ಬ್ರೂವರ್ ಈ ಕೆಲಸವನ್ನು ಒಂದು ನಟ್‌ಗೆ ವಹಿಸಿದ. ಗೇಜ್ ಇಟ್ಟು, ಸರಿಯಾದ ಅಳತೆಗೆ ಬರುವವರೆಗೆ ನಳಿಕೆ ತಿರುಗಿಸಿ, ನಟ್ ಬಿಗಿದರೆ ಮುಗಿಯಿತು. ಸ್ಯಾವೇಜ್ ಆಕ್ಸಿಸ್, ರೆಮಿಂಗ್ಟನ್ 783, ರುಗರ್ ಅಮೆರಿಕನ್ ಮುಂತಾದ ಇಂದಿನ ಅಗ್ಗದ ಮಾದರಿಗಳೂ ಇದೇ ದಾರಿ ಹಿಡಿದವು. ಇವುಗಳಲ್ಲಿ ಕಡಿಮೆಯಾಗಿರುವುದು ಹೆಚ್ಚಾಗಿ ಅಂದ: ವಾಲ್ನಟ್ ಮರದ ಬದಲು ಪ್ಲಾಸ್ಟಿಕ್ ಸ್ಟಾಕ್, ಹೊಳಪಿಲ್ಲದ ಉಕ್ಕು, ತುಸು ಒರಟಾಗಿ ಜಾರುವ ಬೋಲ್ಟ್. ಗುರಿಯ ನಿಖರತೆಯಲ್ಲಿ ಅವು ದುಬಾರಿ ರೈಫಲ್‌ಗಳ ಜೊತೆ ನಿಲ್ಲಬಲ್ಲವು.

ಕೊಳ್ಳುವ ಮುನ್ನ ರೈಫಲ್ ಖಾಲಿಯಿದೆಯೆಂದು ಸ್ವತಃ ನೋಡಿ, ನಿಧಾನವಾಗಿ ಪರೀಕ್ಷಿಸಬೇಕು. ನಳಿಕೆಗೂ ಸ್ಟಾಕ್‌ಗೂ ನಡುವೆ ಕಾಗದದ ಚೂರು ಸಲೀಸಾಗಿ ಜಾರಬೇಕು. ಪ್ಲಾಸ್ಟಿಕ್ ಸ್ಟಾಕ್ ಒಂದು ಕಡೆ ನಳಿಕೆಗೆ ಒತ್ತಿದರೆ ಗುಂಡು ಬೀಳುವ ಜಾಗ ಬದಲಾಗಬಹುದು. ಮ್ಯಾಗಜಿನ್ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಟ್ರಿಗರ್ ಎಳೆಯಲು ಮೂರು-ನಾಲ್ಕು ಪೌಂಡ್ ಬಲ ಸಾಕಾಗಬೇಕು, ಎಳೆಯುವಾಗ ತಡವರಿಸಬಾರದು. ಹಳೆಯದಾದರೆ ನಳಿಕೆಯ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ಪೆಟ್ಟು ಬಿದ್ದಿದ್ದರೆ ಗುಂಡು ದಾರಿ ತಪ್ಪುತ್ತದೆ. ಒಳಗೆ ತುಕ್ಕು ಕೊರೆದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ತೋಟಾದ ಆಯ್ಕೆಯಲ್ಲಿ ಸುಲಭವಾಗಿ ಸಿಗುವುದೇ ಲೇಸು. 1906ರ .30-06, 1952ರ .308 ವಿಂಚೆಸ್ಟರ್ ಇಂದಿಗೂ ಸಣ್ಣ ಊರಿನ ಅಂಗಡಿಗಳಲ್ಲೂ ಸಿಗುತ್ತವೆ. ಗುಂಡು ಹಾರುವಾಗಿನ ಒದೆತ ತಾಳಲಾರದವರಿಗೆ .243 ವಿಂಚೆಸ್ಟರ್ ಇದೆ. ಹೆಗಲಿಗೆ ನೋವಾದೀತೆಂಬ ಅಂಜಿಕೆಯಿಂದ ಟ್ರಿಗರ್ ಎಳೆಯುವ ಕ್ಷಣದಲ್ಲಿ ಮೈ ಅದುರಿದರೆ, ಯಾವ ರೈಫಲ್ಲೂ ಗುರಿ ಮುಟ್ಟಿಸದು.

ಉಳಿಸಿದ ಹಣವನ್ನು ಮೊದಲು ಗಟ್ಟಿಯಾದ ಸ್ಕೋಪ್ ಮತ್ತು ಅದನ್ನು ಹಿಡಿದಿಡುವ ಮೌಂಟ್‌ಗೆ, ಆಮೇಲೆ ಅಭ್ಯಾಸದ ತೋಟಾಗಳಿಗೆ ಹಾಕಬೇಕು. ಸ್ಕೋಪ್ ಕದಲಿದರೆ ಒಳ್ಳೆಯ ನಳಿಕೆಯೂ ವ್ಯರ್ಥ.

ಇದೆಲ್ಲ ಅಮೆರಿಕದ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ. ಅಮೆರಿಕ ಇನ್ನೊಂದು ದಾರಿ ಹಿಡಿಯಿತು: ಅಲ್ಲಿ ಋತು, ಲೈಸೆನ್ಸ್, ಮಿತಿಗಳ ಒಳಗೆ ಬೇಟೆ ನಡೆಯುತ್ತದೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್, ತೋಟಾಗಳ ಮೇಲಿನ ಶೇಕಡಾ 11ರ ತೆರಿಗೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಕಾನೂನು ಒಪ್ಪಿದ ಬೇಟೆಗೂ ಒಂದು ನೀತಿಯಿದೆ: ಪ್ರಾಣಿ ನರಳಬಾರದು. ಜಿಂಕೆಯ ಹೃದಯ, ಶ್ವಾಸಕೋಶಗಳ ಜಾಗ ಸುಮಾರು ಎಂಟು ಅಂಗುಲ ಅಗಲ. ನೂರು ಗಜದಲ್ಲಿ ಒಂದೂವರೆ ಅಂಗುಲದೊಳಗೆ ಗುಂಡು ಕೂರಿಸುವ ಅಗ್ಗದ ರೈಫಲ್‌ಗೆ ಅದು ಕಷ್ಟವಲ್ಲ. ಕಷ್ಟವಿರುವುದು ಮಂಡಿಯೂರಿ, ಏದುಸಿರಿನಲ್ಲಿ ಗುರಿ ಹಿಡಿಯುವ ಮನುಷ್ಯನಿಗೆ. ಆದ್ದರಿಂದ ಬೇಟೆಗಾರ ತನ್ನ ಈಡು ಎಷ್ಟು ದೂರದವರೆಗೆ ತಪ್ಪುವುದಿಲ್ಲ ಎಂಬುದನ್ನು ಅಭ್ಯಾಸದಲ್ಲೇ ಅರಿತು, ಅದರಾಚೆಗೆ ನಿಂತ ಜಿಂಕೆಯನ್ನು ಹೋಗಗೊಡಬೇಕು.