ಗಾಳಿಯಿಲ್ಲದ ಗಾಲಿ

ಹೊಂಗೆಮರದ ಬುಡದಲ್ಲಿ ಹಳೇ ಲಾರಿ ಟೈರೊಂದು ಅರ್ಧ ಹೂತುಕೊಂಡು ನಿಂತಿದೆ. ಪಂಕ್ಚರ್ ಅಂಗಡಿಗೆ ಅದೇ ಬೋರ್ಡು. ಮೈಸೂರಿನ ಜುಲೈ ಬೆಳಗು. ಜಿನುಗುಮಳೆ ಈಗಷ್ಟೇ ಬಿಟ್ಟಿದೆ. ಹಾಸಿದ ಗೋಣಿಚೀಲದ ಮೇಲೆ ನಮ್ಮ ಯೆಜ್ಡಿ 60ರ ಹಿಂದಿನ ಚಕ್ರ ಮಲಗಿದೆ. ಚಕ್ರ ಕಳಚಿಕೊಟ್ಟ ಗಾಡಿ ಪಕ್ಕದಲ್ಲೇ ಇಟ್ಟಿಗೆಯ ಮೇಲೆ ಕೂತು ಕಾಯುತ್ತಿದೆ. ಇಬ್ಬರು ಹಿಡಿದರೆ ಜಗುಲಿಗೆ ಎತ್ತಿಡಬಹುದಾದಷ್ಟು ಹಗುರ ಅದು. ಇದೇ ಊರಿನ ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು.

ಹೋದ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ, ಜಾವಾ–ಯೆಜ್ಡಿ ದಿನದಂದು, ನೂರಾರು ಗಾಡಿಗಳು ಹೊಗೆಯುಗುಳುತ್ತ ಸಾಗಿದಾಗ ನಮ್ಮದು ನಡುದಾರಿಯಲ್ಲಿ ಮೊಳೆ ಚುಚ್ಚಿಸಿಕೊಂಡು ಕೂತಿತು. ಎರಡು ಮೈಲಿ ತಳ್ಳಿದವನು ಅಕ್ಕನ ಮಗ. ಆ ಸಂಕಟ ಅವನಿಗೆ ಇನ್ನೂ ಮಾಸಿಲ್ಲ. "ಮಾವ, ಇನ್ಮೇಲೆ ಪಂಕ್ಚರ್ ಅನ್ನೋ ಮಾತೇ ಇರಲ್ಲ ನೋಡಿ" ಎನ್ನುತ್ತ ಚೀಲದಿಂದ ಕಪ್ಪಗಿನ, ದಪ್ಪ ಹಗ್ಗದಂಥದ್ದನ್ನು ಎಳೆಯುತ್ತಾನೆ. ಒಳಗೆಲ್ಲ ಕಣ್ಣಿಗೆ ಕಾಣದ ಗುಳ್ಳೆಗಳಿರುವ ಫೋಮು. ಟ್ಯೂಬಿನ ಜಾಗದಲ್ಲಿ ಇದನ್ನು ತುರುಕಿದರೆ ಮುಗಿಯಿತು. ಮೊಳೆ ಬಂದರೂ ಬರಲಿ, ಮುಳ್ಳು ಬಂದರೂ ಬರಲಿ.

ಅವನ ಯೋಚನೆಗೆ ಆಧಾರವಿಲ್ಲದೆ ಇಲ್ಲ. ಡಕಾರ್ ರ‍್ಯಾಲಿಯ ಮರಳು–ಕಲ್ಲಿನ ಹಾದಿಯಲ್ಲಿ 1980ರ ದಶಕದಿಂದಲೂ ಬೈಕ್ ಸವಾರರು ಟ್ಯೂಬಿನ ಬದಲು ಫೋಮಿನ ಬಳೆ ಹಾಕಿಕೊಂಡು ಓಡಿದ್ದಾರೆ. ಕಾರುಗಳಿಗಾಗಿ ಮಿಶೆಲಿನ್ ಕಂಪನಿ 2019ರಲ್ಲಿ ತೋರಿಸಿದ 'ಅಪ್ಟಿಸ್' ಚಕ್ರದಲ್ಲಂತೂ ಒಳಗೆ ಏನೂ ತುಂಬಿಲ್ಲ. ಬಾಗಿ ಮತ್ತೆ ನೆಟ್ಟಗಾಗುವ ಪಟ್ಟಿಗಳೇ ಭಾರ ಹೊರುತ್ತವೆ. ಆದರೆ ಕಾರಿನ ಚಕ್ರ ಸದಾ ನೆಟ್ಟಗೆ ನಿಂತೇ ಉರುಳುತ್ತದೆ. ಬೈಕು ಹಾಗಲ್ಲ, ತಿರುವು ಬಂದಾಗ ಮೈಯನ್ನೇ ವಾಲಿಸುತ್ತದೆ. ಅದಕ್ಕೆ ಗುಂಡಗಿನ ಬೆನ್ನಿನ ಟೈರೇ ಬೇಕು, ಅದು ಓರೆಯಾಗಿಯೂ ಭಾರ ತಾಳಬೇಕು.

ಅಂಗಡಿಯ ಯಜಮಾನರು ಫೋಮನ್ನು ಕೈಯಲ್ಲಿ ತೂಗಿ ನೋಡುತ್ತಾರೆ. "ಟ್ಯೂಬಿಗಿಂತ ಭಾರ ಐತಲ್ಲ ತಮ್ಮಾ" ಅಷ್ಟೇ ಅವರ ಮಾತು. ಟೈರಿನ ಹೊಟ್ಟೆಗಿಂತ ಫೋಮು ಒಂದಿಷ್ಟು ದಪ್ಪವೇ ಇರಬೇಕು. ಇರುಕಿ ಕೂತರೆ ಮಾತ್ರ ಅದಕ್ಕೆ ಗಾಳಿಯ ಬಿಗಿ. ಹಾಗಾಗಿ ತುರುಕುವುದೇ ಒಂದು ಕುಸ್ತಿ. ಜಾರಲೆಂದು ಜೆಲ್ ಬಳಿದಾಯಿತು. ಮೂರು ಲಿವರ್, ಇಬ್ಬರ ಮೊಣಕಾಲು, ಒಂದು ರಬ್ಬರ್ ಸುತ್ತಿಗೆ. ಕೊನೆಯ ಗೇಣುದ್ದ ಅಂಚು ರಿಮ್ಮಿನೊಳಗೆ ಇಳಿಯಲೊಲ್ಲದು. ಯಜಮಾನರ ಕತ್ತಿನ ನರ ಉಬ್ಬುತ್ತದೆ. ಟಕ್ಕೆಂದು ಅದು ಒಳಗೆ ಬಿದ್ದಾಗ ಚಹಾ ಕುಡಿಯುತ್ತ ನಿಂತಿದ್ದ ಆಟೋದವರೂ ಉಸಿರು ಬಿಡುತ್ತಾರೆ.

ಮೊದಲು ನಾನೇ ಹತ್ತಿದೆ. ಒಂದೇ ಒದೆತಕ್ಕೆ ಎಂಜಿನ್ ಎಚ್ಚರ. ಆ ಟೂ-ಸ್ಟ್ರೋಕ್ ಎಣ್ಣೆಯ ವಾಸನೆಗೆ ನನಗೆ ಇವತ್ತಿಗೂ ಎದೆ ತುಂಬುತ್ತದೆ. ಯಾದವಗಿರಿಯ ಕಡೆಗೆ, ಸೈಕಲ್ಲಿನ ವೇಗದಲ್ಲಿ. ನಯವಾದ ಟಾರಿನ ಮೇಲೆ ಏನೂ ಗೊತ್ತಾಗಲಿಲ್ಲ, ಒಂದು ಸದ್ದಿನ ಹೊರತು: ಫೋಮಿನ ಎರಡು ತುದಿ ಕೂಡುವ ಕಡೆ, ಸುತ್ತಿಗೊಮ್ಮೆ, ಟಪ್. ಟಪ್. ಟಪ್. ಕಾರ್ಖಾನೆಯಿದ್ದ ಜಾಗದ ಹತ್ತಿರ ರಸ್ತೆ ಅಗೆದು ಮುಚ್ಚಿದ ಜಲ್ಲಿಯ ಪಟ್ಟಿ ಎದುರಾಯಿತು. ದಾಟುವಾಗ ಪ್ರತಿಯೊಂದು ಕಲ್ಲೂ ಬೆನ್ನುಹುರಿಯನ್ನು ಹತ್ತಿ ಹಲ್ಲಿನವರೆಗೆ ಬಂತು. ಹೆಡ್‌ಲೈಟಿನ ಉಂಗುರ ಗಲಗಲ ಅಂದಿತು.

ಚಿಕ್ಕಂದಿನಲ್ಲಿ ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರದ ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗಿದ್ದು ನೆನಪಾಯಿತು. ಆಮೇಲೆ ಊರಿಗೆ ಟೈರ್ ಗಾಡಿ ಬಂದಾಗ ಅದೇ ಹಾದಿಯಲ್ಲಿ ಅಜ್ಜಿ ತೂಕಡಿಸುತ್ತ ಕೂತಿದ್ದರು. 1845ರಲ್ಲಿ ರಾಬರ್ಟ್ ಥಾಮ್ಸನ್ ಗಾಳಿಯ ಚಕ್ರಕ್ಕೆ ಪೇಟೆಂಟ್ ಪಡೆದದ್ದೂ ಕುದುರೆಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಮತ್ತೆ ಅದನ್ನೇ ಕಂಡುಕೊಂಡದ್ದು ಮಗನ ಮೂರು ಗಾಲಿಯ ಸೈಕಲ್ಲಿನ ಕುಲುಕಾಟ ನೋಡಲಾರದೆ. ಕಲ್ಲು ಎದುರಾದಾಗ ಗಾಳಿ ತುಂಬಿದ ಟೈರು ಅದನ್ನು ನುಂಗಿ ಮುಂದೆ ಹೋಗುತ್ತದೆ. ಗಟ್ಟಿ ಚಕ್ರ ಅದನ್ನು ಹತ್ತಿ ಇಳಿಯಬೇಕು. ಭಾರದ ಬೈಕಾದರೆ ತನ್ನ ತೂಕದಿಂದಲೇ ಅಷ್ಟಿಷ್ಟು ಒತ್ತಿ ಹಾಕೀತು. ಈ ಹಗುರ ಮೈಗೆ, ಈ ಗಿಡ್ಡ ಸ್ಪ್ರಿಂಗುಗಳಿಗೆ, ಗಾಳಿಯೇ ಮೊದಲನೆಯ ಸ್ಪ್ರಿಂಗು. ಅದನ್ನು ತೆಗೆದರೆ ಪೆಟ್ಟು ನೇರವಾಗಿ ಹೋಗುವುದು ಕಡ್ಡಿಗಳಿಗೆ, ಬೇರಿಂಗಿಗೆ, ಬಿಡಿಭಾಗ ಸಿಗದ ಹಳೇ ಫ್ರೇಮಿಗೆ.

ವಾಪಸು ಬಂದು ಟೈರಿನ ಮೇಲೆ ಅಂಗೈ ಇಟ್ಟರೆ ಬೆಚ್ಚಗಿತ್ತು. ಫೋಮು ಪ್ರತಿ ಸುತ್ತಿಗೂ ಮುದುಡಿ ಅರಳುವಾಗ ಹುಟ್ಟುವ ಕಾವು ಅದು. ವೇಗ ಏರಿದಂತೆ ಅದೂ ಏರುತ್ತದೆ, ಕೊನೆಗೆ ಫೋಮನ್ನೇ ತಿನ್ನುತ್ತದೆ. ಯಜಮಾನರು ಸ್ಕ್ರೂಡ್ರೈವರಿನ ಹಿಡಿಯಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತ ಹೋದರು. ಟಿಣ್, ಟಿಣ್, ಟಿಣ್, ಆಮೇಲೊಂದು ಮಂಕು ಸದ್ದು. ಅಳಿಯ ಆ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಅಲ್ಲಾಡಿತು.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಲಿವರ್ ಎತ್ತಿಕೊಂಡ. "ಅಣ್ಣ, ಹಳೇ ಟ್ಯೂಬ್ ಎಲ್ಲಿಟ್ರಿ?"

ಏಳು ತೇಪೆಯ ಟ್ಯೂಬಿಗೆ ಒಂದಿಷ್ಟು ಗಾಳಿ ಊದಿ ಯಜಮಾನರು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ, ಗೇಣು ಗೇಣಾಗಿ ತಿರುಗಿಸುತ್ತಾರೆ. ತೊಟ್ಟಿಯ ಮೇಲೆ ಬಗ್ಗಿದ ಅಳಿಯ ಪ್ರತಿ ತೇಪೆಯನ್ನೂ ಕಣ್ಣು ಮಿಟುಕಿಸದೆ ನೋಡುತ್ತಾನೆ. ಏಳನೆಯದರ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆಯೊಂದು ಎದ್ದು, ಮೇಲೆ ಬಂದು, ಒಡೆಯುತ್ತದೆ. "ಸೊಲ್ಯೂಷನ್ ಕೊಡು ಇಲ್ಲಿ" ಎಂದು ಯಜಮಾನರು ಕೈ ಚಾಚುತ್ತಾರೆ.