ಮೂರೆಲೆಯ ಕ್ಲೋವರ್ ಮತ್ತು ಒಂದು ಗುಳಿಗೆ

ಮಾರ್ಚ್ 17 ಸಂತ ಪ್ಯಾಟ್ರಿಕರ ಹಬ್ಬ. ಅಂದು ಐರ್ಲೆಂಡಿನ ಜನರು ಉಡುಪಿಗೆ ಸಿಕ್ಕಿಸಿಕೊಳ್ಳುವ ಶ್ಯಾಮ್‌ರಾಕ್ ಎಂಬ ಎಳೆಯ ಕುಡಿಯು ಕ್ಲೋವರ್ ಜಾತಿಗೆ ಸೇರಿದ್ದು. ಈ ಮೂರೆಲೆಯನ್ನು ತೋರಿಸಿ ಸಂತರು ತ್ರಿಯೇಕ ದೇವರ ರಹಸ್ಯವನ್ನು ಬೋಧಿಸಿದರೆಂದು ನಾವು ಧರ್ಮೋಪದೇಶದ ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ಸಂತರೇ ಬರೆದ 'ಕನ್ಫೆಸ್ಸಿಯೋ' ಗ್ರಂಥದಲ್ಲಿ ಈ ಗಿಡದ ಮಾತಿಲ್ಲ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದರೆ ಭಕ್ತಿಗೆ ಕುಂದೇನೂ ಇಲ್ಲ.

ನಮ್ಮ ಅಂಗಳದ ಹುಳಿರುಚಿಯ ಪುಲ್ಲಂಪುರಚಿಯನ್ನು ಕ್ಲೋವರ್ ಎಂದು ಭ್ರಮಿಸುವವರುಂಟು. ಅದು ಬೇರೆ ಕುಲ. ಕ್ಲೋವರ್ ನಮ್ಮ ಹುರುಳಿ, ಅವರೆಗಳ ದಾಯಾದಿ. ಅದರ ಬೇರಿನ ಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ; ಗಿಡವು ಅವುಗಳಿಗೆ ಸಕ್ಕರೆಯನ್ನು ಉಣಿಸುತ್ತದೆ. ಆದ್ದರಿಂದಲೇ 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ರೈತರು ಗೋಧಿ, ಟರ್ನಿಪ್, ಬಾರ್ಲಿಗಳೊಡನೆ ಸರದಿಯಲ್ಲಿ ಕ್ಲೋವರ್ ಬಿತ್ತಿ ಹೊಲವನ್ನು ಪಾಳು ಬಿಡುವುದನ್ನು ತಪ್ಪಿಸಿದರು. ಉತ್ತರ ಭಾರತದ ಹೈನುಗಾರರು ಚಳಿಗಾಲದಲ್ಲಿ ಬೆಳೆಯುವ ಬರ್ಸೀಮ್ ಮೇವೂ ಕ್ಲೋವರೇ.

ಇದರ ಹತ್ತಿರದ ಬಂಧು ಸಿಹಿ ಕ್ಲೋವರ್. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸಿಹಿ ಕ್ಲೋವರ್ ಒಣಹುಲ್ಲನ್ನು ತಿಂದ ದನಗಳು ಒಳಗೊಳಗೇ ರಕ್ತಸ್ರಾವವಾಗಿ ಸಾಯತೊಡಗಿದವು. ಹುಲ್ಲಿಗೆ ಸುವಾಸನೆ ಕೊಡುವ ಕೂಮರಿನ್ ಎಂಬ ಅಂಶವೇ ಬೂಷ್ಟಿನಿಂದ ವಿಷವಾಗಿ ಮಾರ್ಪಡುತ್ತಿತ್ತು. 1933ರಲ್ಲಿ ವಿಸ್ಕಾನ್‌ಸಿನ್‌ನ ಒಬ್ಬ ರೈತ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಒಂದಿಷ್ಟು ಹುಲ್ಲು ಹೇರಿಕೊಂಡು, ಹಿಮಗಾಳಿಯಲ್ಲಿ ಸುಮಾರು 300 ಕಿಲೋಮೀಟರು ಬಂದು ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದ ಬಾಗಿಲು ತಟ್ಟಿದ. ಅಂದು ಅವನಿಗೆ ಕೊಡಲು ಅಲ್ಲಿ ಮದ್ದಿರಲಿಲ್ಲ. ಆರು ವರ್ಷಗಳ ಶ್ರಮದ ನಂತರ, 1939ರಲ್ಲಿ, ಆ ವಿಷವು ಹರಳಾಗಿ ಕೈಗೆ ಬಂತು. ಅದರ ಜಾಡಿನಲ್ಲಿ ರೂಪುಗೊಂಡ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದಿತು. 1954ರಲ್ಲಿ ಮನುಷ್ಯರ ಔಷಧಿಯಾಗಿ ಅಂಗೀಕಾರ ಪಡೆಯಿತು.

ಇದನ್ನು ಬರೆಯಲು ಕಾರಣವಿದೆ. ಹೃದಯದ ಕವಾಟ ಬದಲಾಯಿಸಿಕೊಂಡ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು, "ಅದು ಇಲಿಪಾಷಾಣವಂತೆ ಫಾದರ್" ಎಂದು ಅಳುಕಿ ಈ ಗುಳಿಗೆಯನ್ನು ನಿಲ್ಲಿಸಿದ್ದರು. ಕೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ವಸ್ತು ಒಂದೇ, ಪ್ರಮಾಣ ಬೇರೆ. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ. ಪ್ರಮಾಣ ಹೆಚ್ಚಾದರೆ ರಕ್ತಸ್ರಾವ. ಆದುದರಿಂದಲೇ ಆಗಾಗ ರಕ್ತಪರೀಕ್ಷೆ. ಸೊಪ್ಪುತರಕಾರಿಯನ್ನು ಒಮ್ಮೆಲೇ ಹೆಚ್ಚಿಸಿದರೂ ಬಿಟ್ಟರೂ ಗುಳಿಗೆಯ ಪರಿಣಾಮ ಏರುಪೇರಾಗುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು.

ಆ ವಾರವೇ ಅವರನ್ನು ಮಗನೊಡನೆ ವೈದ್ಯರ ಬಳಿಗೆ ಕಳುಹಿಸಿದೆವು. ಈಗ ರಕ್ತಪರೀಕ್ಷೆಯ ಚೀಟಿಯನ್ನು ಅವರು ಪ್ರಾರ್ಥನಾ ಪುಸ್ತಕದೊಳಗೆ ಇಟ್ಟುಕೊಂಡಿರುತ್ತಾರೆ.